ಮಧ್ಯಾಹ್ನ ಎರಡು ಗಂಟೆಗೆ ನೆರಳು ಎಲ್ಲಿ ಸಿಗುತ್ತದೆ? – ಮುಂಬಯಿ ಕನ್ನಡಿಗರ ಚರ್ಚೆ

ಗೋವಂಡಿಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ಹಲವು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ನನ್ನ ತರಗತಿಯಲ್ಲಿರುವ ಹೆಚ್ಚಿನವರು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಕಳೆದ ಏಪ್ರಿಲ್‌ನಲ್ಲಿ ಒಂದು ವಾರ ಶಾಲೆಗೆ ಬಾರದ ಹುಡುಗಿಯೊಬ್ಬಳನ್ನು ವಿಚಾರಿಸಲು ಅವಳ ಮನೆಗೆ ಹೋಗಿದ್ದೆ. ಮಧ್ಯಾಹ್ನ ಎರಡು ಗಂಟೆಯ ಹೊತ್ತು. ಅವಳ ಅಜ್ಜಿ ಸ್ಟೂಲಿನ ಮೇಲೆ ನಿಂತು, ಒದ್ದೆ ಮಾಡಿದ ಗೋಣಿಚೀಲವನ್ನು ತಗಡಿನ ಸೂರಿನ ಮೇಲೆ ಹಾಸುತ್ತಿದ್ದರು. ನಾನು ಅಲ್ಲಿ ಕುಳಿತು ಮಾತನಾಡುತ್ತಿರುವಾಗಲೇ ಚೀಲ ಒಣಗಿಹೋಯಿತು. ಇನ್ನೊಮ್ಮೆ ನೆನೆಸಬೇಕೆಂದು ಅವರು ಕೊಡದೊಳಗೆ ಕೈ ಇಳಿಬಿಟ್ಟು ಎಷ್ಟು ನೀರು ಉಳಿದಿದೆಯೆಂದು ನೋಡಿದರು. ದುಡ್ಡು ಕೊಟ್ಟು ತರಿಸಿದ ನೀರು. ರಾತ್ರಿಯ ಅಡುಗೆಗೆ ಸಾಲುವಷ್ಟು ಮಾತ್ರ ಇತ್ತು. ಅವರು ಚೀಲವನ್ನು ಮಡಚಿ ಮೂಲೆಯಲ್ಲಿಟ್ಟರು.

ಹುಡುಗಿ ಎಲ್ಲಿ ಎಂದು ಕೇಳಿದರೆ, ತಮ್ಮನನ್ನು ಎತ್ತಿಕೊಂಡು ನೆರಳಿಗೆ ಹೋಗಿದ್ದಾಳೆ ಎಂದರು. ಹತ್ತು ನಿಮಿಷ ನಡೆದರೆ ಒಂದು ಉದ್ಯಾನವಿದೆ. ಅಲ್ಲಿಗೆ ಹೋಗಿರಬಹುದೆಂದುಕೊಂಡು ಹೋದೆ. ಉದ್ಯಾನದ ಗೇಟಿಗೆ ಬೀಗ ಬಿದ್ದಿತ್ತು. ಮಧ್ಯಾಹ್ನ ಮುಚ್ಚಿರುತ್ತದೆ, ಸಂಜೆ ಬನ್ನಿ ಎಂದು ಕಾವಲುಗಾರ ಹೇಳಿದ. ಒಳಗೆ ನಾಲ್ಕು ದೊಡ್ಡ ಮಳೆಮರಗಳ ಕೆಳಗೆ ಬೆಂಚುಗಳು ಖಾಲಿ ಇದ್ದವು. ಹುಡುಗಿ ಸಿಕ್ಕಿದ್ದು ರಸ್ತೆಯ ಬದಿಯಲ್ಲಿ, ನಿಂತಿದ್ದ ಟ್ಯಾಂಕರ್ ಲಾರಿಯ ನೆರಳಿನಲ್ಲಿ.

ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ. ಮುಂಬಯಿಯಲ್ಲಿ ಜನರು ನಿಜವಾಗಿ ಬಳಸಬಹುದಾದ ಬಯಲು ತಲಾ 1.24 ಚದರ ಮೀಟರ್ ಎಂದು ಪಾಲಿಕೆಯ ಅಭಿವೃದ್ಧಿ ಯೋಜನೆಯ ಸಿದ್ಧತೆಯ ಕಾಲದ ಲೆಕ್ಕ ಹೇಳುತ್ತದೆ. ಕೇಂದ್ರ ಸರ್ಕಾರದ ನಗರ ಯೋಜನಾ ಮಾರ್ಗಸೂಚಿ ಕೇಳುವುದು 10ರಿಂದ 12 ಚದರ ಮೀಟರ್. ಒಬ್ಬರು ಮಲಗುವ ಚಾಪೆಗಿಂತಲೂ ಕಡಿಮೆ ಜಾಗ ನಮ್ಮ ಪಾಲಿಗಿದೆ. ಅದು ಸರಾಸರಿ ಮಾತ್ರ. ಆ ಚಾಪೆಯಷ್ಟು ಜಾಗವೂ ಎಲ್ಲರಿಗೂ ಒಂದೇ ಸಮನಾಗಿ ಹಂಚಿಕೆಯಾಗಿಲ್ಲ, ಹಂಚಿಕೆಯಾದ ಕಡೆಯೂ ಬೇಕಾದ ಹೊತ್ತಿಗೆ ಬಾಗಿಲು ತೆರೆದಿರುವುದಿಲ್ಲ. ಮರ, ನೆರಳು, ಗಾಳಿಗಳನ್ನು ನಾವು ಊರಿನ ಅಲಂಕಾರವೆಂದು ನೋಡುತ್ತೇವೆಯೇ ಹೊರತು ನೀರು, ವಿದ್ಯುತ್ತಿನಂತೆ ಎಲ್ಲರಿಗೂ ಸಲ್ಲಬೇಕಾದ ಪಾಲೆಂದು ನೋಡುತ್ತಿಲ್ಲವೆಂದು ನನಗೆ ಅನ್ನಿಸುತ್ತದೆ. ನಿಮ್ಮ ಅನುಭವಗಳನ್ನು ದಯವಿಟ್ಟು ಬರೆಯಿರಿ.

ಮುಲುಂಡಿನ ನಿವೃತ್ತ

ಮೇಡಂ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಆ ಅಜ್ಜಿಯ ಚಿತ್ರ ಕಣ್ಣಿಗೆ ಕಟ್ಟಿದಂತಿದೆ. ಆದರೂ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆಯಾಗಿದೆ, ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ನಾನು 1974ರಿಂದ ಮುಲುಂಡಿನಲ್ಲಿದ್ದೇನೆ. ನಮ್ಮ ಮನೆಯ ಹಿಂದಿನ ಗುಡ್ಡದಿಂದಲೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಆರಂಭವಾಗುತ್ತದೆ. ಸುಮಾರು 104 ಚದರ ಕಿಲೋಮೀಟರಿನ ಕಾಡು, ಅದರಲ್ಲಿ ಚಿರತೆಗಳು, ನಡುವೆ ಕಾನ್ಹೇರಿ ಗುಹೆಗಳು, ವಿಹಾರ ಮತ್ತು ತುಳಸಿ ಕೆರೆಗಳು; ಇಂಥ ಭಾಗ್ಯ ಜಗತ್ತಿನ ಎಷ್ಟು ಮಹಾನಗರಗಳಿಗಿದೆ? ವಿಹಾರ ಕೆರೆ 1860ರಲ್ಲಿ ಮುಗಿದಾಗಿನಿಂದ ಇವತ್ತಿನವರೆಗೆ ನಗರಕ್ಕೆ ನೀರು ಕೊಡುತ್ತಿದೆ. ಆ ಕಾಡಿನ ಅಂಚು ವರ್ಷವರ್ಷವೂ ಹಿಂದೆ ಸರಿಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡವನು. 1995ರಲ್ಲಿ ಪರಿಸರ ಸಂಘಟನೆಯೊಂದು ನ್ಯಾಯಾಲಯಕ್ಕೆ ಹೋಗದಿದ್ದರೆ, 1997ರಲ್ಲಿ ಬಾಂಬೆ ಹೈಕೋರ್ಟು ಒತ್ತುವರಿ ತೆರವಿಗೆ ಆದೇಶಿಸದಿದ್ದರೆ, ಕಾಡು ಇಷ್ಟು ಉಳಿಯುತ್ತಿರಲಿಲ್ಲ. ಬಡವರ ಮೇಲಿನ ಕನಿಕರದಿಂದ ಪ್ರತಿಯೊಂದು ಗೇಟನ್ನೂ ತೆರೆದುಬಿಟ್ಟರೆ, ನಾಳೆ ಕಾಯಲು ಏನೂ ಉಳಿಯದಿರಬಹುದು. ಇದು ನನ್ನ ನಿಜವಾದ ಆತಂಕ.

ಸಮಾಜಶಾಸ್ತ್ರದ ವಿದ್ಯಾರ್ಥಿನಿ, ಕಲೀನಾ

ಹಿರಿಯರ ಆತಂಕವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಾಡು ಉಳಿಯಿತೆಂಬ ಮಾತಿನ ಜೊತೆಗೆ, ಅದಕ್ಕೆ ಬೆಲೆ ತೆತ್ತವರು ಯಾರು ಎಂಬುದನ್ನೂ ಹೇಳಬೇಕಾಗುತ್ತದೆ. ಆ ಆದೇಶದ ನಂತರ ಸಾವಿರಾರು ಜೋಪಡಿಗಳನ್ನು ಕೆಡವಲಾಯಿತು. ಅದೇ ಕಾಡಿನೊಳಗೆ ತಲೆತಲಾಂತರದಿಂದ ಬಾಳಿಕೊಂಡು ಬಂದ ವಾರ್ಲಿ ಮತ್ತಿತರ ಆದಿವಾಸಿಗಳ ಪಾಡಾಗಳು, ಅಂದರೆ ಹಾಡಿಗಳು ಕೂಡ ಒತ್ತುವರಿಯ ಪಟ್ಟಿಯಿಂದ ತಾವು ಬೇರೆ ಎಂದು ಸಾಬೀತುಪಡಿಸುತ್ತಲೇ ಇರಬೇಕಾಯಿತು. ಕಾಡಿನಂಚಿನಲ್ಲಿ ಎದ್ದ ಎತ್ತರದ ಕಟ್ಟಡಗಳು ಮಾತ್ರ ‘ಕಾಡಿನ ನೋಟ’ ಎಂದು ಜಾಹೀರಾತು ಹಾಕಿ ಮನೆಗಳನ್ನು ಮಾರಿದವು. ಕಾಡನ್ನು ಕಾಯಬಾರದೆಂದು ನಾನು ಹೇಳುತ್ತಿಲ್ಲ. ಕಾಯುವ ಭಾರ ಒಬ್ಬರ ಹೆಗಲಿಗೆ, ಫಲ ಇನ್ನೊಬ್ಬರ ಬಾಲ್ಕನಿಗೆ ಎಂಬ ಏರ್ಪಾಡನ್ನು ಒಪ್ಪಲಾಗದು ಎನ್ನುತ್ತಿದ್ದೇನೆ.

ಈ ಪ್ರಶ್ನೆಗೆ ‘ಪರಿಸರ ನ್ಯಾಯ’ ಎಂಬ ಹೆಸರು ಬಂದದ್ದು ಅಮೆರಿಕದಲ್ಲಿ. 1982ರಲ್ಲಿ ಉತ್ತರ ಕ್ಯಾರೊಲಿನಾದ ವಾರೆನ್ ಕೌಂಟಿಯಲ್ಲಿ, ಬಡ ಕಪ್ಪು ಜನರೇ ಹೆಚ್ಚಾಗಿದ್ದ ಜಾಗಕ್ಕೆ ಪಿಸಿಬಿ ಎಂಬ ವಿಷಕಾರಿ ರಾಸಾಯನಿಕ ಬೆರೆತ ಮಣ್ಣನ್ನು ತಂದು ಹೂಳಲು ಹೊರಟಾಗ, ಜನರು ಲಾರಿಗಳ ಮುಂದೆ ರಸ್ತೆಯಲ್ಲಿ ಮಲಗಿ ತಡೆದರು. ಹೂಳುವುದನ್ನು ನಿಲ್ಲಿಸಲು ಆಗಲಿಲ್ಲ, ಆದರೆ ಪ್ರಶ್ನೆ ಅಲ್ಲಿಂದ ದೇಶವೆಲ್ಲ ಹಬ್ಬಿತು. ಅಪಾಯಕಾರಿ ತ್ಯಾಜ್ಯದ ಸ್ಥಳಗಳು ಎಲ್ಲಿವೆ ಎಂಬುದಕ್ಕೂ ಅಲ್ಲಿನ ನಿವಾಸಿಗಳ ವರ್ಣಕ್ಕೂ ಗಟ್ಟಿಯಾದ ಸಂಬಂಧವಿದೆ ಎಂದು 1987ರಲ್ಲಿ ಚರ್ಚ್ ಸಂಸ್ಥೆಯೊಂದರ ವರದಿ ಅಂಕಿಅಂಶ ಸಹಿತ ತೋರಿಸಿತು. 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಅಲ್ಲಿನ 108 ನಗರಗಳನ್ನು ನೋಡಿತ್ತು. ಕಪ್ಪು ಜನರು ಹೆಚ್ಚಾಗಿದ್ದ ಬಡಾವಣೆಗಳಿಗೆ 1930ರ ದಶಕದಲ್ಲಿ ನಕಾಶೆಯ ಮೇಲೆ ಕೆಂಪು ಬಣ್ಣ ಬಳಿದು, ಮನೆಸಾಲಕ್ಕೆ ಅಪಾಯದ ಜಾಗಗಳೆಂದು ಗುರುತಿಸಿದ್ದರು. ಆ ಬಡಾವಣೆಗಳ ನೆಲ ಇಂದಿಗೂ ಕೆಂಪು ಬಣ್ಣ ಬಳಿಯದ ಬಡಾವಣೆಗಳಿಗಿಂತ ಸರಾಸರಿ 2.6 ಡಿಗ್ರಿಯಷ್ಟು ಹೆಚ್ಚು ಬಿಸಿ. ತೊಂಬತ್ತು ವರ್ಷಗಳ ಹಿಂದಿನ ಒಂದು ಪೆನ್ಸಿಲ್ ಗೆರೆ ಇವತ್ತಿನ ಮಕ್ಕಳ ಬೆವರಾಗಿ ಇಳಿಯುತ್ತಿದೆ.

ನಮ್ಮಲ್ಲಿ ಆ ಗೆರೆಯನ್ನು ಬಣ್ಣದ ಪೆನ್ಸಿಲಿನಲ್ಲಿ ಎಳೆದಿಲ್ಲ, ಅಷ್ಟೇ. ದೇವನಾರ್‌ನ ಕಸದ ಗುಡ್ಡ 1927ರಿಂದ ಇದೆ. ಇಡೀ ನಗರದ ಕಸ ಅಲ್ಲಿಗೆ ಹೋಯಿತು. ಅದರ ಬುಡದಲ್ಲೇ ಬೇರೆ ಕಡೆಯಿಂದ ಎಬ್ಬಿಸಿದವರಿಗೆ ಜಾಗ ಕೊಟ್ಟರು. 2016ರ ಜನವರಿಯಲ್ಲಿ ಆ ಗುಡ್ಡಕ್ಕೆ ಬೆಂಕಿ ಬಿದ್ದು ಹೊಗೆ ಊರ ಮೇಲೆ ಕವಿದಾಗ ಮಾತ್ರ ಉಳಿದ ಮುಂಬಯಿಗೆ ಅದರ ನೆನಪಾಯಿತು. ಮಾಹುಲ್‌ನ ಕತೆಯೂ ಇದೇ. ತೈಲ ಶುದ್ಧೀಕರಣಾಗಾರಗಳ ಪಕ್ಕದ ಅಲ್ಲಿನ ಗಾಳಿ ಜನರ ಆರೋಗ್ಯಕ್ಕೆ ಅಪಾಯಕಾರಿ ಎಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ಹೇಳಿತ್ತು. ಅದಾದ ಮೇಲೂ ತಾನ್ಸಾ ನೀರಿನ ಕೊಳವೆಯ ಬದಿಯಿಂದ ತೆರವುಗೊಂಡ ಕುಟುಂಬಗಳನ್ನು ಅಲ್ಲಿಗೇ ಕಳಿಸಿದರು. 2019ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟು, ಯಾರನ್ನೂ ಅಲ್ಲಿಗೆ ಒತ್ತಾಯದಿಂದ ಕಳಿಸಬಾರದು, ಬೇರೆ ಮನೆ ಕೊಡಲಾಗದಿದ್ದರೆ ತಿಂಗಳಿಗೆ 15,000 ರೂಪಾಯಿ ಬಾಡಿಗೆ ಕೊಡಬೇಕು ಎಂದು ಹೇಳಬೇಕಾಯಿತು. ಕೊಳವೆಯನ್ನು ಕಾಯಬೇಕಾದದ್ದು ನಿಜ. ಆದರೆ ಶುದ್ಧ ನೀರಿನ ಕೊಳವೆಯ ಸುರಕ್ಷತೆಗಾಗಿ ಮನೆ ಬಿಟ್ಟವರಿಗೆ ಕೊಟ್ಟದ್ದು ಉಸಿರಾಡಲಾಗದ ಗಾಳಿ.

ಸಯನ್‌ನ ದಾದಿ

ಈ ಚರ್ಚೆಯನ್ನು ರಾತ್ರಿ ಪಾಳಿ ಮುಗಿಸಿ ಬಂದು ಓದುತ್ತಿದ್ದೇನೆ. ಪ್ರಕೃತಿ ಎಂದ ಕೂಡಲೇ ನಾವು ಮರವನ್ನಷ್ಟೇ ನೆನೆಯುತ್ತೇವೆ. ನನ್ನ ಕೆಲಸದಲ್ಲಿ ನಾನು ಕಂಡುಕೊಂಡ ಮಟ್ಟಿಗೆ ಬಿಸಿಲು ಮತ್ತು ಗಾಳಿ ಕೂಡ ನಗರದ ಪ್ರಕೃತಿಯೇ, ಅವುಗಳಲ್ಲಿಯೂ ಬಡವರಿಗೆ ಪಾಲು ಕಡಿಮೆ.

ಗೋವಂಡಿ, ಮಾನಖುರ್ದದ ಪುನರ್ವಸತಿ ಕಟ್ಟಡಗಳಿಗೆ ಹೋದವರಿಗೆ ಗೊತ್ತು: ಎರಡು ಕಟ್ಟಡಗಳ ನಡುವೆ ಕೈ ಚಾಚಿದರೆ ಎದುರುಮನೆಯ ಕಿಟಕಿ ಸಿಗುವುದೇನೋ ಎನ್ನುವಷ್ಟು ಇಕ್ಕಟ್ಟು. ಲಲ್ಲೂಭಾಯಿ ಕಾಂಪೌಂಡ್, ನಟವರ್ ಪಾರೇಖ್ ಕಾಂಪೌಂಡ್‌ಗಳಲ್ಲಿ ನಡೆದು 2018ರಲ್ಲಿ ಹೊರಬಂದ ಅಧ್ಯಯನವೊಂದು, ಅಲ್ಲಿನ ಕ್ಷಯರೋಗಕ್ಕೂ ಮನೆಯೊಳಗೆ ಬೆಳಕು, ಗಾಳಿ ಬಾರದಿರುವುದಕ್ಕೂ ಸಂಬಂಧವಿದೆ, ಕೆಳ ಅಂತಸ್ತುಗಳಲ್ಲಿ ತೊಂದರೆ ಹೆಚ್ಚು ಎಂದು ತೋರಿಸಿತು. ನಾನು ಆರೈಕೆ ಮಾಡಿದ ತಾಯಿಯೊಬ್ಬಳು ಹೇಳಿದ್ದು ಈಗಲೂ ಕಿವಿಯಲ್ಲಿದೆ: “ಸಿಸ್ಟರ್, ಜೋಪಡಿಯಲ್ಲಿದ್ದಾಗ ಬಾಗಿಲ ಮುಂದೆ ಅರ್ಧ ಗಂಟೆಯಾದರೂ ಬಿಸಿಲು ಬೀಳುತ್ತಿತ್ತು, ಅದರಲ್ಲಿ ಹಾಸಿಗೆ ಒಣಗಿಸುತ್ತಿದ್ದೆ. ಪಕ್ಕಾ ಮನೆ ಸಿಕ್ಕಿತು, ಬಿಸಿಲು ಹೋಯಿತು.” ಅವಳ ಮನೆಯಲ್ಲಿ ಹಗಲು ಹನ್ನೆರಡು ಗಂಟೆಗೂ ಟ್ಯೂಬ್‌ಲೈಟ್ ಉರಿಯುತ್ತಿತ್ತು.

ಹಸಿರಿನ ಉಪಯೋಗ ಏನು ಎಂದು ಕೇಳುವವರಿಗೆ ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಹೇಳುವ ಒಂದು ಉದಾಹರಣೆಯಿದೆ. ರೋಜರ್ ಉಲ್ರಿಚ್ ಎಂಬ ಸಂಶೋಧಕರು 1984ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಅವರು ನೋಡಿದರು. ಅರ್ಧ ಜನರ ಕಿಟಕಿಯಾಚೆ ಮರಗಳಿದ್ದವು, ಇನ್ನರ್ಧ ಜನರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಅವರಿಗೆ ಬಲವಾದ ನೋವಿನ ಔಷಧಿ ಕಡಿಮೆ ಸಾಕಾಯಿತು. ಇನ್ನೂ ಮುಖ್ಯವಾದದ್ದು, ಇಂಗ್ಲೆಂಡಿನ ಜನಸಂಖ್ಯೆಯ ಮೇಲೆ ರಿಚರ್ಡ್ ಮಿಚೆಲ್ ಮತ್ತು ಫ್ರಾಂಕ್ ಪಾಪಮ್ 2008ರಲ್ಲಿ ಪ್ರಕಟಿಸಿದ್ದು: ಹಸಿರು ಹೆಚ್ಚಾಗಿರುವ ಪ್ರದೇಶಗಳಲ್ಲಿ ಬಡವರ ಮತ್ತು ಉಳ್ಳವರ ಆರೋಗ್ಯದ ನಡುವಿನ ಅಂತರವೇ ಕಡಿಮೆ. ಅಂದರೆ ಹಸಿರು ಹೆಚ್ಚು ನೆರವಾಗುವುದು, ಬೇರೆ ಯಾವ ಅನುಕೂಲವೂ ಇಲ್ಲದವರಿಗೆ. ನಾವು ಇಲ್ಲಿ ಅದನ್ನು ತಿರುಗುಮುರುಗಾಗಿ ಹಂಚಿದ್ದೇವೆ.

ಡೊಂಬಿವಲಿಯಿಂದ

ನಮ್ಮ ಕಡೆ ಈ ಚರ್ಚೆಗೆ ಅವಕಾಶವೇ ಇಲ್ಲ, ಏಕೆಂದರೆ ಹಂಚಲು ಹಸಿರೇ ಉಳಿದಿಲ್ಲ. ಒಂದು ಮಾತು ಮಾತ್ರ ಸೇರಿಸುತ್ತೇನೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನಾನು ಕುರ್ಲಾದಲ್ಲಿ ಸಿಕ್ಕಿಬಿದ್ದಿದ್ದೆ. ಮೀಠಿ ನದಿಯ ದಡದ ಮನೆಗಳಿಂದ ಪಾತ್ರೆಗಳು ತೇಲಿ ಬರುತ್ತಿದ್ದವು. ಕಾಂಡ್ಲಾ (ಮ್ಯಾಂಗ್ರೋವ್) ಕಾಡನ್ನು ಮುಚ್ಚಿ ನೆಲ ಮಾಡಿಕೊಂಡ ಲಾಭ ಒಂದು ಕಡೆ ಸೇರಿತು, ಆ ಕಾಡು ಹಿಡಿದಿಡಬೇಕಾಗಿದ್ದ ನೀರು ಇನ್ನೊಂದು ಕಡೆಯ ಮನೆಗಳಿಗೆ ನುಗ್ಗಿತು. ಕಾಂಡ್ಲಾ ಕಾಡಿನ ನಾಶ ಬದುಕುವ ಹಕ್ಕಿನ ಉಲ್ಲಂಘನೆ ಎಂದು 2018ರಲ್ಲಿ ಹೈಕೋರ್ಟು ಹೇಳಿದಾಗ ನನಗೆ ಆ ಪಾತ್ರೆಗಳ ನೆನಪಾಯಿತು.

ರಸ್ತೆ ಕೆಲಸದ ಇಂಜಿನಿಯರ್, ಭಾಂಡುಪ್

ಇಷ್ಟು ದಿನ ಓದುತ್ತಿದ್ದೆ, ಈಗ ಬರೆಯಲೇಬೇಕೆನಿಸಿತು. ನಾನು ಗುತ್ತಿಗೆದಾರ ಸಂಸ್ಥೆಯೊಂದರಲ್ಲಿ ಇಪ್ಪತ್ತು ವರ್ಷ ಫುಟ್‌ಪಾತ್ ಮತ್ತು ರಸ್ತೆಯ ಕೆಲಸ ಮಾಡಿಸಿದ್ದೇನೆ. ಪೇವರ್ ಬ್ಲಾಕ್ ಹಾಕುವಾಗ ಮರದ ಬುಡದ ಸುತ್ತ ಮಣ್ಣು ಬಿಡಬೇಕೆಂಬ ನಿಯಮ ನಮಗೆ ಗೊತ್ತಿರುತ್ತದೆ. ಆದರೆ ಅಳತೆ ಪುಸ್ತಕದಲ್ಲಿ ಚದರ ಮೀಟರಿಗೆ ಹಣ. ಬಿಟ್ಟ ಮಣ್ಣಿಗೆ ಹಣವಿಲ್ಲ. ಆದ್ದರಿಂದ ಕಾಂಕ್ರೀಟು ಕಾಂಡದವರೆಗೂ ಹೋಗುತ್ತದೆ. ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಪಕ್ಕದಲ್ಲೇ ಕೇಬಲ್‌ಗಾಗಿ ಅಗೆಯುವಾಗ ಒಂದು ಬದಿಯ ಬೇರುಗಳನ್ನು ಕತ್ತರಿಸಿರುತ್ತಾರೆ. ಆ ಮರ ಜೂನ್‌ನ ಮೊದಲ ಗಾಳಿಮಳೆಗೆ ಉರುಳುತ್ತದೆ, ಕೆಳಗೆ ಸಿಕ್ಕವರು ಗಾಯಗೊಳ್ಳುತ್ತಾರೆ, ಮರ ಅಪಾಯಕಾರಿ ಎಂದು ಉಳಿದ ಮರಗಳ ಕೊಂಬೆಗಳನ್ನೂ ಬೋಳಿಸುತ್ತಾರೆ. ಅಂಥ ಬಿಲ್ಲುಗಳಿಗೆ ನಾನೂ ಸಹಿ ಹಾಕಿದ್ದೇನೆ. ಒಂದು ಮಳೆಗಾಲದಲ್ಲಿ ನಾನೇ ಕೆಲಸ ಮಾಡಿಸಿದ ರಸ್ತೆಯಲ್ಲಿ ಉರುಳಿದ ಗುಲ್‌ಮೊಹರಿನ ಬುಡವನ್ನು ನೋಡಿದೆ. ದೊಡ್ಡ ಮರ, ಆದರೆ ಕಿತ್ತುಬಂದ ಬೇರಿನ ಗಂಟು ಒಂದು ಕಾರಿನ ಚಕ್ರದಷ್ಟೂ ಇರಲಿಲ್ಲ. ಸುತ್ತಲೂ ಕಾಂಕ್ರೀಟಿನ ಅಂಚಿನ ಗುರುತು ಅಚ್ಚು ಒತ್ತಿದಂತಿತ್ತು. ಅದನ್ನು ನೋಡಿದ ಮೇಲೆ ಸಹಿ ಹಾಕುವ ಮುನ್ನ ಬುಡಗಳನ್ನು ಹೋಗಿ ನೋಡುವುದನ್ನು ಅಭ್ಯಾಸ ಮಾಡಿಕೊಂಡೆ.

2018ರ ಹೊತ್ತಿಗೆ ಮುಗಿದ ಗಣತಿಯಲ್ಲಿ ಮುಂಬಯಿಯಲ್ಲಿ ಸುಮಾರು 29.75 ಲಕ್ಷ ಮರಗಳಿದ್ದವು. 2011ರ ಜನಗಣತಿಯಲ್ಲಿ ಜನಸಂಖ್ಯೆ 1.24 ಕೋಟಿ. ನಾಲ್ಕು ಜನರಿಗೆ ಒಂದು ಮರ. ಆದರೆ ಸಂಖ್ಯೆ ಒಂದೇ ಆದ ಮಾತ್ರಕ್ಕೆ ನೆರಳು ಒಂದೇ ಆಗುವುದಿಲ್ಲ. ಹರಡಿದ ಒಂದು ಮಳೆಮರ ಬಸ್ ನಿಲ್ದಾಣದಲ್ಲಿ ನಿಂತ ಐವತ್ತು ಜನರನ್ನು ಕಾಯುತ್ತದೆ. ಎಲೆಗಳಿಂದ ನೀರನ್ನು ಆವಿಯಾಗಿ ಬಿಡುತ್ತ ಸುತ್ತಲಿನ ಗಾಳಿಯನ್ನೂ ತಣಿಸುತ್ತದೆ. ಅದನ್ನು ಕಡಿದು, ಬದಲಿಗೆ ಮೂವತ್ತು ಕಿಲೋಮೀಟರ್ ದೂರದಲ್ಲಿ ಹತ್ತು ಸಸಿ ನೆಟ್ಟರೆ ಲೆಕ್ಕ ಸರಿಹೋಗುತ್ತದೆ, ಬಸ್ಸಿಗೆ ಕಾಯುವವರು ಬಿಸಿಲಿಗೆ ಬೀಳುತ್ತಾರೆ.

ಮೆಟ್ರೊ ಡಿಪೋಗಾಗಿ ಮರ ಕಡಿದ ಆರೆ ಕಾಡಿನ ಬಗ್ಗೆ ಯಾರೂ ಬರೆದಿಲ್ಲ, ನನಗದು ಕಷ್ಟದ ವಿಷಯ. ಮೆಟ್ರೊ ಬೇಕೆಂದು ನಾನು ದೃಢವಾಗಿ ನಂಬುತ್ತೇನೆ. ಲೋಕಲ್ ರೈಲಿನ ಬಾಗಿಲಲ್ಲಿ ಜೋತುಬಿದ್ದು ಹೋಗುವವರಿಗೆ ಅದೂ ನ್ಯಾಯವೇ. ಆದರೆ 2019ರ ಅಕ್ಟೋಬರ್ 4ರ ರಾತ್ರಿ, ಹೈಕೋರ್ಟಿನಲ್ಲಿ ಅರ್ಜಿಗಳು ವಜಾ ಆದ ಕೆಲವೇ ಗಂಟೆಗಳಲ್ಲಿ, ದೀಪ ಹಚ್ಚಿಕೊಂಡು ಮರ ಕಡಿಯಲು ಆರಂಭಿಸಿ, ಸುಪ್ರೀಂ ಕೋರ್ಟು ತಡೆಯುವ ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಮರಗಳನ್ನು ಉರುಳಿಸಿದ್ದು ಯಾವ ಇಂಜಿನಿಯರಿಂಗ್ ಅಗತ್ಯದಿಂದಲೂ ಅಲ್ಲ. ಅಲ್ಲಿನ ಪಾಡಾಗಳ ಜನರು ಬೆಳಗ್ಗೆ ಎದ್ದು ಬರುವುದರೊಳಗೆ ಮುಗಿಸಬೇಕೆಂಬ ಅವಸರ ಅದು. ಕೇಳಿ ಮಾಡುವುದಕ್ಕೂ ಕೇಳದೆ ಮಾಡುವುದಕ್ಕೂ ಇರುವ ಅಂತರ ನನಗೆ ಅಂದು ಅರ್ಥವಾಯಿತು.

ಧಾರಾವಿಯ ಯುವಕ

ಇಂಜಿನಿಯರ್ ಸರ್, ನೀವು ಇಷ್ಟು ತೆರೆದ ಮನಸ್ಸಿನಿಂದ ಬರೆದದ್ದಕ್ಕೆ ಧನ್ಯವಾದ. ನಮ್ಮ ತಂದೆ ಯಾದಗಿರಿಯಿಂದ ಬಂದು ನಾಕಾದಲ್ಲಿ ನಿಂತು ಕೂಲಿ ಹುಡುಕಿದವರು. ನೀವು ಹೇಳಿದ ಆ ಪೇವರ್ ಬ್ಲಾಕುಗಳನ್ನು ಹೊತ್ತವರು ಅವರಂಥವರೇ.

ಮುಲುಂಡಿನ ಹಿರಿಯರಿಗೆ ಒಂದು ಜಾಗ ತೋರಿಸಬೇಕೆಂದಿದೆ. ಧಾರಾವಿಯ ಎದುರಿಗೆ, ಮೀಠಿಯ ದಡದಲ್ಲಿ, 37 ಎಕರೆಯ ಮಹಾರಾಷ್ಟ್ರ ನಿಸರ್ಗ ಉದ್ಯಾನವಿದೆ. 1977ರವರೆಗೆ ಅದು ಕಸ ಸುರಿಯುವ ಮೈದಾನ. ಆಮೇಲೆ ಮಣ್ಣು ಹಾಕಿ, ಗಿಡ ನೆಟ್ಟು, 1994ರಲ್ಲಿ ಉದ್ಯಾನವಾಗಿ ತೆರೆದರು. ಇವತ್ತು ಅಲ್ಲಿ ನಿಜವಾದ ಕಾಡಿದೆ, ಚಿಟ್ಟೆಗಳಿವೆ, ಹಕ್ಕಿಗಳಿವೆ. ಅದನ್ನು ನೋಡುತ್ತ ಬೆಳೆದ ನನಗೆ, ಕಸದ ಜಾಗ ಕಸದ ಜಾಗವಾಗಿಯೇ ಉಳಿಯಬೇಕು ಎಂಬ ಮಾತನ್ನು ದೇವನಾರ್ ವಿಷಯದಲ್ಲಿ ಯಾರು ಹೇಳಿದರೂ ನಂಬಿಕೆ ಬರುವುದಿಲ್ಲ. ಜೋಪಡಿಗಳ ಪಕ್ಕದಲ್ಲಿ ಕಾಡು ಬದುಕುವುದಿಲ್ಲ ಎಂಬುದನ್ನೂ ನಾನು ಒಪ್ಪಲಾರೆ. ಅದು ಮೂವತ್ತು ವರ್ಷಗಳಿಂದ ನಮ್ಮ ಪಕ್ಕದಲ್ಲೇ ಬದುಕಿದೆ.

ಎರಡು ಎಚ್ಚರಿಕೆಗಳನ್ನು ಮಾತ್ರ ಹೇಳಬೇಕು. ಪಾಲಿಕೆ 2020ರಿಂದ ಅಲ್ಲಲ್ಲಿ ಮಿಯಾವಾಕಿ ಪದ್ಧತಿಯ ಒತ್ತೊತ್ತಾದ ವನಗಳನ್ನು ಬೆಳೆಸುತ್ತಿದೆ. ಅವು ಹಕ್ಕಿಗಳಿಗೆ ಒಳ್ಳೆಯದೇ. ಆದರೆ ಸುತ್ತಲೂ ಬೇಲಿ, ಒಳಗೆ ಕಾಲಿಡಲು ಜಾಗವಿಲ್ಲ. ತಮ್ಮನನ್ನು ಎತ್ತಿಕೊಂಡ ಆ ಹುಡುಗಿಗೆ ಬೇಕಾದದ್ದು ಬುಡದಲ್ಲಿ ಕೂರಲು ಕಟ್ಟೆಯಿರುವ ಒಂದು ಅರಳಿಮರ. ಊರಿನಲ್ಲಿ ನಮ್ಮ ಹಿರಿಯರು ಕಟ್ಟೆ ಕಟ್ಟಿಸಿದ್ದು ಅದಕ್ಕೇ. ಇನ್ನೊಂದು, ಹಸಿರು ಬಂದರೆ ಬಾಡಿಗೆ ಏರುತ್ತದೆ. ನದಿಯ ದಡ ಚೆಂದವಾದ ದಿನ ದಡದವರನ್ನು ಎಬ್ಬಿಸುತ್ತಾರೆಂಬ ಹೆದರಿಕೆ ನಮ್ಮ ಗಲ್ಲಿಯಲ್ಲಿ ಎಲ್ಲರಿಗೂ ಇದೆ. ಗಿಡ ನೆಡಲು ಬಂದವರನ್ನು ನಮ್ಮವರು ಅನುಮಾನದಿಂದ ನೋಡಿದರೆ ಅದು ಗಿಡದ ಮೇಲಿನ ದ್ವೇಷವಲ್ಲ. ಮನೆಯ ಹಕ್ಕುಪತ್ರ ಮೊದಲು, ಅದರ ಜೊತೆಯಲ್ಲೇ ಮರ. ಈ ಕ್ರಮ ತಪ್ಪಿದರೆ ನೆರಳು ಬರುವ ಹೊತ್ತಿಗೆ ನಾವು ಅಲ್ಲಿರುವುದಿಲ್ಲ.

ಮುಲುಂಡಿನ ನಿವೃತ್ತ

ತಮ್ಮ, ನಿನ್ನ ಮಾತು ಸರಿಯಾಗಿ ನಾಟಿತು. ಕಾಡಿನ ಅಂಚಿನ ಒತ್ತುವರಿಯ ಬಗ್ಗೆ ನನ್ನ ನಿಲುವು ಪೂರ್ತಿ ಬದಲಾಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ರಾಷ್ಟ್ರೀಯ ಉದ್ಯಾನಕ್ಕೆ ಗಟ್ಟಿಯಾದ ಗಡಿ ಬೇಕೆಂದು ಈಗಲೂ ನಂಬುತ್ತೇನೆ. ಆದರೆ ನಾನು ಕಾಡನ್ನೂ ಬೀದಿಯ ಉದ್ಯಾನವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ತಪ್ಪು. ಚಿರತೆಯ ಕಾಡಿಗೆ ಬೀಗ ಬೇಕು, ಮಳೆಮರದ ಕೆಳಗಿನ ಬೆಂಚಿಗೆ ಮಧ್ಯಾಹ್ನ ಬೀಗ ಬೇಕಾಗಿಲ್ಲ. ಇನ್ನೊಂದು ವಿಷಯವೂ ಹೊಳೆಯಿತು. ನಾನು ದಿನವೂ ಬೆಳಗ್ಗೆ ಆರಕ್ಕೆ ಉದ್ಯಾನಕ್ಕೆ ಹೋಗುತ್ತೇನೆ, ಸಂಜೆ ಐದಕ್ಕೆ ಮತ್ತೆ ಹೋಗುತ್ತೇನೆ. ಉದ್ಯಾನದ ವೇಳೆಯನ್ನು ನನ್ನಂಥವರ ದಿನಚರಿಗೆ ಹೊಂದಿಸಿದ್ದಾರೆ. ಮಧ್ಯಾಹ್ನ ಮನೆಯಲ್ಲಿ ನನಗೆ ಫ್ಯಾನಿದೆ, ದಪ್ಪ ಗೋಡೆಯಿದೆ. ಐವತ್ತು ವರ್ಷಗಳಲ್ಲಿ ಒಂದು ದಿನವೂ ಆ ಗೇಟಿಗೆ ಮಧ್ಯಾಹ್ನ ಯಾರು ಬರಬಹುದೆಂದು ನಾನು ಯೋಚಿಸಲಿಲ್ಲ.

ಬ್ಯಾಂಕಿನಲ್ಲಿ ಮರಾಠಿಯಲ್ಲಿ ಪತ್ರ ವ್ಯವಹಾರ ನೋಡಿಕೊಂಡವನು ನಾನು. ಅರ್ಜಿ ಬರೆಯುವ ಕೆಲಸವಿದ್ದರೆ ನನಗೆ ಕೊಡಿ.

ಗೋವಂಡಿಯ ಶಿಕ್ಷಕಿ

ಎಲ್ಲರ ಮಾತುಗಳನ್ನೂ ಓದಿದೆ, ಕೆಲವನ್ನು ಸಹೋದ್ಯೋಗಿಗಳಿಗೂ ಓದಿ ಹೇಳಿದೆ. ಹಿರಿಯರೇ, ಅರ್ಜಿಯ ಕೆಲಸ ನಿಮಗೇ. ವಾರ್ಡ್ ಕಚೇರಿಯ ಉದ್ಯಾನ ವಿಭಾಗಕ್ಕೆ ಕೊಡುವ ಆ ಅರ್ಜಿಯಲ್ಲಿ ಎರಡೇ ಬೇಡಿಕೆಗಳನ್ನು ಇಡೋಣ: ಮಾರ್ಚ್‌ನಿಂದ ಜೂನ್‌ವರೆಗೆ ಉದ್ಯಾನ ಮಧ್ಯಾಹ್ನವೂ ತೆರೆದಿರಬೇಕು, ಮತ್ತು ಗೇಟಿನ ಬಳಿ ಕುಡಿಯುವ ನೀರಿನ ನಲ್ಲಿ ಇರಬೇಕು. ಇಂಜಿನಿಯರ್ ಸರ್, ಶಾಲೆಯಿಂದ ಉದ್ಯಾನದವರೆಗಿನ ರಸ್ತೆಯಲ್ಲಿ ಹದಿನೇಳು ಮರಗಳಿವೆ, ಮಕ್ಕಳು ಎಣಿಸಿದ್ದಾರೆ. ಅವುಗಳಲ್ಲಿ ಹನ್ನೊಂದರ ಬುಡಕ್ಕೆ ಕಾಂಕ್ರೀಟು ಅಂಟಿಕೊಂಡಿದೆ. ಎಷ್ಟು ಅಗಲ ಬಿಡಿಸಬೇಕು, ಯಾವ ಬದಿಯಿಂದ ಒಡೆಯಬೇಕು ಎಂಬುದನ್ನು ನೀವು ಬಂದು ಗುರುತು ಹಾಕಿಕೊಟ್ಟರೆ ಮರ ಅಧಿಕಾರಿಗೆ ಕೊಡುವ ಎರಡನೆಯ ಅರ್ಜಿ ಸಿದ್ಧವಾಗುತ್ತದೆ. 1975ರ ಮರ ಸಂರಕ್ಷಣಾ ಕಾಯಿದೆಯ ಪ್ರಕಾರ ಮರ ಕಡಿಯುವ ಮುನ್ನ ಆಕ್ಷೇಪಣೆಗೆ ನೋಟಿಸು ಹಾಕುತ್ತಾರೆ. ನಮ್ಮ ಬೀದಿಯಲ್ಲಿ ಅಂಥ ನೋಟಿಸು ಅಂಟಿಸಿದಾಗ ಅದನ್ನು ಓದಿ ಕನ್ನಡದಲ್ಲಿ ತಾಯಂದಿರಿಗೆ ತಿಳಿಸುವ ಹೊಣೆಯನ್ನು ನಾನು ಹೊರುತ್ತೇನೆ.

ಮೊನ್ನೆ ಆ ಅಜ್ಜಿಗೆ ನಿಮ್ಮೆಲ್ಲರ ಬಗ್ಗೆ ಹೇಳಿದೆ. ಅರ್ಜಿಗೆ ಮೊದಲ ಹೆಬ್ಬೆಟ್ಟು ತಮ್ಮದೇ ಇರಲಿ ಎಂದರು. ಭಾನುವಾರ ಬೆಳಗ್ಗೆ ಹತ್ತಕ್ಕೆ ಶಾಲೆಯ ಗೇಟಿನ ಮುಂದೆ ಸೇರೋಣ. ಧಾರಾವಿಯ ತಮ್ಮ, ನಿಮ್ಮ ತಂದೆಯವರನ್ನೂ ಕರೆದುಕೊಂಡು ಬನ್ನಿ, ಬ್ಲಾಕು ಬಿಡಿಸುವುದು ಹೇಗೆಂದು ಅವರಿಗೆ ಗೊತ್ತಿರುತ್ತದೆ.